ಅಂಚಿನಲ್ಲಿ ಹರಿಯುವ ಶಾಖ: ಗ್ರಾಫೀನ್‌ನ ಭಿನ್ನಾಂಕ ಸ್ಥಿತಿಗಳು ಮತ್ತು ಬೆಂಗಳೂರಿನ ಅಳತೆಗಳು

ವಿದ್ಯುತ್ ಹರಿಯುತ್ತಿರುವ ತೆಳು ಹಾಳೆಗೆ ಲಂಬವಾಗಿ ಕಾಂತಕ್ಷೇತ್ರವನ್ನು ಒಡ್ಡಿದಾಗ ಹರಿವಿಗೆ ಅಡ್ಡಲಾಗಿ, ಹಾಳೆಯ ಎರಡು ಅಂಚುಗಳ ನಡುವೆ ಒಂದು ವೋಲ್ಟೇಜ್ ಹುಟ್ಟುತ್ತದೆ ಎಂಬುದನ್ನು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಚಿನ್ನದ ತಗಡಿನ ಮೇಲೆ ಪ್ರಯೋಗ ನಡೆಸಿ ತೋರಿಸಿದರು. ಈ ಅಡ್ಡ ವೋಲ್ಟೇಜನ್ನು ಹರಿಯುವ ವಿದ್ಯುತ್ತಿನ ಪ್ರಮಾಣದಿಂದ ಭಾಗಿಸಿದರೆ ಸಿಗುವುದೇ ಹಾಲ್ ರೋಧ. ಕಾಂತಕ್ಷೇತ್ರ ಏರಿದಂತೆ ಅದೂ ಒಂದೇ ಸಮನಾಗಿ ಏರುತ್ತದೆ ಎಂಬುದು ಆನಂತರದ ನೂರು ವರ್ಷಗಳ ತಿಳಿವಳಿಕೆಯಾಗಿತ್ತು. ಆದರೆ 1980ರಲ್ಲಿ ಜರ್ಮನಿಯ ಕ್ಲಾಸ್ ಫಾನ್ ಕ್ಲಿಟ್ಜಿಂಗ್ ಅವರು ಅತಿ ತಣ್ಣನೆಯ ಸಿಲಿಕಾನ್ ಸಾಧನವನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ಅಳೆದಾಗ, ಹಾಲ್ ರೋಧವು ಒಂದೇ ಸಮನೆ ಬದಲಾಗದೆ ಮೆಟ್ಟಿಲು ಮೆಟ್ಟಿಲಾಗಿ ನಿಂತು ಸಾಗುವುದು ಕಂಡುಬಂತು. ಪ್ರತಿಯೊಂದು ಮೆಟ್ಟಿಲಿನ ಬೆಲೆಯೂ 25,812.8 ಓಮ್ ಎಂಬ ಸಂಖ್ಯೆಯನ್ನು 1, 2, 3 ಮುಂತಾದ ಪೂರ್ಣಾಂಕಗಳಿಂದ ಭಾಗಿಸಿದಾಗ ಬರುವ ಬೆಲೆಯೇ ಆಗಿತ್ತು. ಈ ಸಂಖ್ಯೆಯಲ್ಲಿ ವಸ್ತುವಿನ ಗುಣವಾಗಲಿ ಆಕಾರವಾಗಲಿ ಸೇರಿಲ್ಲ; ಅದು ಪ್ಲಾಂಕ್ ಸ್ಥಿರಾಂಕವನ್ನು ಎಲೆಕ್ಟ್ರಾನಿನ ವಿದ್ಯುದಾವೇಶದ ವರ್ಗದಿಂದ ಭಾಗಿಸಿದಾಗ ದೊರೆಯುವ ಪ್ರಮಾಣ. ಪೂರ್ಣಾಂಕ ಕ್ವಾಂಟಮ್ ಹಾಲ್ ಪರಿಣಾಮ ಎಂದು ಹೆಸರಾದ ಈ ಶೋಧಕ್ಕೆ 1985ರ ನೊಬೆಲ್ ಪ್ರಶಸ್ತಿ ದೊರೆಯಿತು, ಮತ್ತು ಇಂದು ಓಮ್ ಎಂಬ ಮಾನವನ್ನು ಪ್ರಯೋಗಾಲಯಗಳು ನಿಖರವಾಗಿ ಮರುಸೃಷ್ಟಿಸುವುದು ಇದರ ಆಧಾರದ ಮೇಲೆಯೇ.

ಮೆಟ್ಟಿಲುಗಳು ಏಕೆ ಉಂಟಾಗುತ್ತವೆ ಎಂಬುದಕ್ಕೆ ಉತ್ತರವು ಎಲೆಕ್ಟ್ರಾನ್‌ಗಳ ಶಕ್ತಿಯಲ್ಲಿದೆ. ಬಲವಾದ ಕಾಂತಕ್ಷೇತ್ರದಲ್ಲಿ, ಒಂದು ಸಮತಲಕ್ಕೆ ಸೀಮಿತವಾದ ಎಲೆಕ್ಟ್ರಾನ್‌ಗಳು ನೇರವಾಗಿ ಚಲಿಸದೆ ಸಣ್ಣ ಸಣ್ಣ ವೃತ್ತಗಳಲ್ಲಿ ಸುತ್ತುತ್ತವೆ. ಕ್ವಾಂಟಮ್ ನಿಯಮಗಳಿಗೆ ಒಳಪಟ್ಟ ಈ ಸುತ್ತುವಿಕೆಗೆ ಇಂತಿಷ್ಟೇ ಎಂದು ಗೊತ್ತಾದ ಶಕ್ತಿಗಳು ಮಾತ್ರ ಸಾಧ್ಯ, ಅವುಗಳಿಗೆ ಲ್ಯಾಂಡೌ ಮಟ್ಟಗಳು ಎಂದು ಹೆಸರು. ಒಂದೊಂದು ಮಟ್ಟದಲ್ಲಿಯೂ ಎಲೆಕ್ಟ್ರಾನ್‌ಗಳಿಗೆ ಇರುವ ಸ್ಥಾನಗಳ ಸಂಖ್ಯೆಯನ್ನು ಕಾಂತಕ್ಷೇತ್ರವೇ ನಿರ್ಧರಿಸುತ್ತದೆ: ಹತ್ತು ಟೆಸ್ಲಾ ಕ್ಷೇತ್ರದಲ್ಲಿ ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 24,000 ಕೋಟಿ ಸ್ಥಾನಗಳಿರುತ್ತವೆ. ಇರುವ ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಈ ಸ್ಥಾನಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದನ್ನು ಭರ್ತಿ ಪ್ರಮಾಣ ಎನ್ನಬಹುದು. ಅದು ಪೂರ್ಣಾಂಕವಾದಾಗ ಕೆಳಗಿನ ಮಟ್ಟಗಳು ಪೂರ್ತಿ ತುಂಬಿರುತ್ತವೆ, ಮೇಲಿನವು ಪೂರ್ತಿ ಖಾಲಿಯಾಗಿರುತ್ತವೆ, ನಡುವೆ ಶಕ್ತಿಯ ಅಂತರವಿರುತ್ತದೆ. ಹಾಳೆಯ ಒಡಲು ಆಗ ವಿದ್ಯುತ್ತನ್ನು ಸಾಗಿಸದ ನಿರೋಧಕವಾಗುತ್ತದೆ. ವಿದ್ಯುತ್ತೆಲ್ಲವೂ ಅಂಚಿನ ಗುಂಟ, ಒಂದೇ ದಿಕ್ಕಿನಲ್ಲಿ, ತಡೆಯಿಲ್ಲದೆ ಹರಿಯುತ್ತದೆ. ಅಂಚಿನ ಈ ಹರಿವುಗಳನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಕಥನವೆಲ್ಲ ಅವುಗಳ ಸುತ್ತಲೇ ನಡೆಯುತ್ತದೆ.

ಈ ವಿವರಣೆಯ ಪ್ರಕಾರ ಮಟ್ಟವೊಂದು ಅರೆಬರೆ ತುಂಬಿದಾಗ ಯಾವ ಮೆಟ್ಟಿಲೂ ಕಾಣಬಾರದು. ಆದರೆ 1982ರಲ್ಲಿ ಬೆಲ್ ಪ್ರಯೋಗಾಲಯದ ಡೇನಿಯಲ್ ತ್ಸುಯಿ, ಹಾರ್ಸ್ಟ್ ಸ್ಟೋರ್ಮರ್ ಮತ್ತು ಆರ್ಥರ್ ಗೊಸ್ಸಾರ್ಡ್ ಅವರಿಗೆ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಅತಿಶುದ್ಧ ಪದರದಲ್ಲಿ, ಭರ್ತಿ ಪ್ರಮಾಣ 1/3 ಆಗಿದ್ದಾಗ ಸ್ಪಷ್ಟವಾದ ಮೆಟ್ಟಿಲು ಕಂಡಿತು. ಸ್ಥಾನಗಳಲ್ಲಿ ಮೂರನೆಯ ಒಂದು ಪಾಲು ಮಾತ್ರ ತುಂಬಿರುವಾಗ ಎಲ್ಲ ಎಲೆಕ್ಟ್ರಾನ್‌ಗಳಿಗೂ ಒಂದೇ ಶಕ್ತಿಯಿರುವುದರಿಂದ, ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುವುದು ಅವುಗಳ ಪರಸ್ಪರ ವಿಕರ್ಷಣೆಯೊಂದೇ. ಒಂದನ್ನೊಂದು ದೂರವಿಡುವ ಭರದಲ್ಲಿ ಅವೆಲ್ಲವೂ ಸೇರಿ ಒಂದು ಹೊಸ ಬಗೆಯ ದ್ರವವಾಗುತ್ತವೆ ಎಂದು 1983ರಲ್ಲಿ ರಾಬರ್ಟ್ ಲಾಫ್ಲಿನ್ ವಿವರಿಸಿದರು. ಆ ದ್ರವವನ್ನು ಸ್ವಲ್ಪ ಕದಡಿದರೆ ಏಳುವ ಕಣಸದೃಶ ವಿಕ್ಷೋಭೆಗಳಿಗೆ ಎಲೆಕ್ಟ್ರಾನಿನ ಮೂರನೆಯ ಒಂದರಷ್ಟು ವಿದ್ಯುದಾವೇಶ ಇರಬೇಕೆಂಬುದು ಆ ಸಿದ್ಧಾಂತದ ಭವಿಷ್ಯವಾಣಿ. ಎಲೆಕ್ಟ್ರಾನ್ ಒಡೆಯುವುದಿಲ್ಲ, ಕೋಟ್ಯಂತರ ಎಲೆಕ್ಟ್ರಾನ್‌ಗಳ ಒಟ್ಟು ನಡವಳಿಕೆಯಲ್ಲಿ ಭಿನ್ನಾಂಕದ ಆವೇಶ ಮೂಡುತ್ತದೆ. 1997ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆ ಮತ್ತು ಫ್ರಾನ್ಸಿನ ಸಕ್ಲೆ ಎರಡೂ ಕಡೆ, ವಿದ್ಯುತ್ ಹರಿವಿನ ಸೂಕ್ಷ್ಮ ಗದ್ದಲವನ್ನು ಅಳೆದು ಈ ಭಿನ್ನಾಂಕದ ಆವೇಶವನ್ನು ನೇರವಾಗಿ ಗುರುತಿಸಲಾಯಿತು. ಮರುವರ್ಷ ಲಾಫ್ಲಿನ್, ಸ್ಟೋರ್ಮರ್ ಮತ್ತು ತ್ಸುಯಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಮೂರನೆಯ ಒಂದರ ಜೊತೆಗೆ 2/5, 3/7, 2/3, 3/5 ಹೀಗೆ ಅನೇಕ ಭಿನ್ನಾಂಕಗಳು ಬೇಗನೆ ಕಾಣಿಸಿಕೊಂಡವು, ಮತ್ತು ಅವೆಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸಿದವರು ರಾಜಸ್ಥಾನದ ಸಾಂಭರ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜೈನೇಂದ್ರ ಜೈನ್. 1989ರಲ್ಲಿ ಅವರು ಮಂಡಿಸಿದ ಸಂಯುಕ್ತ ಫರ್ಮಿಯಾನ್ ಸಿದ್ಧಾಂತದ ಪ್ರಕಾರ ಪ್ರತಿಯೊಂದು ಎಲೆಕ್ಟ್ರಾನ್ ಎರಡು ಕ್ವಾಂಟಮ್ ಸುಳಿಗಳನ್ನು ತನಗೆ ಕಟ್ಟಿಕೊಂಡು ಒಂದು ಹೊಸ ಕಣದಂತೆ ವರ್ತಿಸುತ್ತದೆ. ಈ ಹೊಸ ಕಣಗಳಿಗೆ ಹೊರಗಿನ ಕಾಂತಕ್ಷೇತ್ರದ ಬಹುಭಾಗ ತಾಗುವುದೇ ಇಲ್ಲ, ಹೀಗಾಗಿ ಅವು ತಮ್ಮದೇ ಆದ ಮಟ್ಟಗಳನ್ನು ಪೂರ್ಣಾಂಕದಲ್ಲಿ ತುಂಬಿದಾಗ ಎಲೆಕ್ಟ್ರಾನ್‌ಗಳ ಲೆಕ್ಕದಲ್ಲಿ ಭಿನ್ನಾಂಕ ಕಾಣುತ್ತದೆ. ಭಿನ್ನಾಂಕ ಪರಿಣಾಮವು ಇನ್ನೊಂದು ಬಗೆಯ ಕಣಗಳ ಪೂರ್ಣಾಂಕ ಪರಿಣಾಮವೇ ಎಂದು ತೋರಿಸಿದ ಈ ವಿಚಾರ ಕಳೆದ ಅರ್ಧ ಶತಮಾನದ ಭೌತವಿಜ್ಞಾನದ ಸುಂದರ ಕಲ್ಪನೆಗಳಲ್ಲಿ ಒಂದು. ಇದೇ ಪರಂಪರೆಯ ಸೈದ್ಧಾಂತಿಕ ಕೆಲಸ ಪುಣೆಯಲ್ಲಿಯೂ ನಡೆಯುತ್ತಿದೆ: 2006ರಲ್ಲಿ ಸ್ಥಾಪನೆಯಾಗಿ ಪುಣೆಯ ಪಾಷಾಣ್ ಭಾಗದಲ್ಲಿರುವ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಜಿ. ಜೆ. ಶ್ರೀಜಿತ್ ಅವರು ಜೈನ್ ಅವರೊಡನೆ ಕೆಲಸ ಮಾಡಿ ಬಂದವರು, ಈ ದ್ರವಸ್ಥಿತಿಗಳ ಗಣಿತವೇ ಅವರ ಅಧ್ಯಯನದ ಒಂದು ಮುಖ್ಯ ಕ್ಷೇತ್ರ. ಆದರೆ ಗ್ರಾಫೀನ್‌ನಲ್ಲಿ ಈ ಸ್ಥಿತಿಗಳನ್ನು ಪ್ರಯೋಗದಿಂದ ಶೋಧಿಸುವ ಕಾರ್ಯದಲ್ಲಿ ಭಾರತದ ಅತಿ ಮುಖ್ಯ ಅಧ್ಯಾಯವೊಂದು ಬರೆಯಲ್ಪಟ್ಟಿರುವುದು ಬೆಂಗಳೂರಿನಲ್ಲಿ.

ಗ್ರಾಫೀನ್ ಎಂದರೆ ಇಂಗಾಲದ ಪರಮಾಣುಗಳು ಷಟ್ಕೋನಗಳ ಜಾಲದಂತೆ ಹೆಣೆದುಕೊಂಡಿರುವ, ಒಂದೇ ಪರಮಾಣುವಿನಷ್ಟು ದಪ್ಪದ ಹಾಳೆ. ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಥ ಹಾಳೆಗಳ ಅಟ್ಟಿಯೇ. ಅದರಿಂದ ಒಂದೇ ಹಾಳೆಯನ್ನು ಅಂಟುಪಟ್ಟಿಯಿಂದ ಬಿಡಿಸಿ ತೆಗೆದು ಅದರ ವಿದ್ಯುತ್ ಗುಣಗಳನ್ನು ಅಳೆಯಬಹುದು ಎಂದು ಮ್ಯಾಂಚೆಸ್ಟರಿನ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ 2004ರಲ್ಲಿ ತೋರಿಸಿದರು. ಇದರೊಳಗಿನ ಎಲೆಕ್ಟ್ರಾನ್‌ಗಳು ತೂಕವೇ ಇಲ್ಲದ ಕಣಗಳಂತೆ, ಬೆಳಕಿನ ವೇಗದ ಸುಮಾರು 300ನೆಯ ಒಂದು ಭಾಗದಷ್ಟು ವೇಗದಲ್ಲಿ ಚಲಿಸುತ್ತವೆ. ಪ್ರತಿಯೊಂದಕ್ಕೂ ಸ್ಪಿನ್ ಎಂಬ ಎರಡು ಆಯ್ಕೆಗಳ ಜೊತೆಗೆ ಕಣಿವೆ ಎಂದು ಕರೆಯಲಾಗುವ, ಜಾಲದ ರಚನೆಯಿಂದಲೇ ಬರುವ ಇನ್ನೆರಡು ಆಯ್ಕೆಗಳಿವೆ. ಹೀಗಾಗಿ ಒಂದೊಂದು ಲ್ಯಾಂಡೌ ಮಟ್ಟವೂ ನಾಲ್ಕು ಪಟ್ಟು ದೊಡ್ಡದಾಗಿರುತ್ತದೆ, ಮತ್ತು 2005ರಲ್ಲಿ ಮ್ಯಾಂಚೆಸ್ಟರ್ ಹಾಗೂ ಕೊಲಂಬಿಯಾ ವಿಶ್ವವಿದ್ಯಾನಿಲಯಗಳ ಎರಡು ತಂಡಗಳಿಗೆ 2, 6, 10 ಎಂಬ ವಿಶಿಷ್ಟ ಮೆಟ್ಟಿಲುಗಳು ಕಂಡವು. ಹತ್ತು ಟೆಸ್ಲಾ ಕ್ಷೇತ್ರದಲ್ಲಿ ಗ್ರಾಫೀನ್‌ನ ಮೊದಲ ಎರಡು ಮಟ್ಟಗಳ ನಡುವಿನ ಅಂತರ ಗ್ಯಾಲಿಯಂ ಆರ್ಸೆನೈಡ್‌ನಲ್ಲಿರುವುದರ ಆರು ಪಟ್ಟಿಗಿಂತ ಹೆಚ್ಚು. ಅದರಿಂದಲೇ 2007ರಲ್ಲಿ ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿಯೂ ಪೂರ್ಣಾಂಕ ಪರಿಣಾಮವನ್ನು ಗ್ರಾಫೀನ್‌ನಲ್ಲಿ ಕಾಣಲು ಸಾಧ್ಯವಾಯಿತು, ಆದರೆ ಅದಕ್ಕೆ ಅತಿ ಪ್ರಬಲವಾದ ಕಾಂತಗಳು ಬೇಕಾದವು.

ಭಿನ್ನಾಂಕಗಳು ಮಾತ್ರ ಇಷ್ಟು ಸುಲಭವಾಗಿ ಕಾಣಿಸಲಿಲ್ಲ. ಎಲೆಕ್ಟ್ರಾನ್‌ಗಳ ನಡುವಿನ ಸೂಕ್ಷ್ಮ ಒಪ್ಪಂದದಿಂದ ಹುಟ್ಟುವ ಈ ದ್ರವವನ್ನು ಗ್ರಾಫೀನ್‌ನ ಕೆಳಗಿದ್ದ ಸಿಲಿಕಾನ್ ಡೈಆಕ್ಸೈಡ್‌ನ ಒರಟುತನವೂ ಅದರಲ್ಲಿ ಸಿಕ್ಕಿಕೊಂಡ ಆವೇಶಗಳೂ ಕೆಡಿಸುತ್ತಿದ್ದವು. 2009ರಲ್ಲಿ ರಟ್ಗರ್ಸ್‌ನ ಈವಾ ಆಂಡ್ರೆ ಅವರ ತಂಡ ಮತ್ತು ಕೊಲಂಬಿಯಾದ ಫಿಲಿಪ್ ಕಿಮ್ ಅವರ ತಂಡ ಗ್ರಾಫೀನನ್ನು ಎರಡು ಕಡೆ ಮಾತ್ರ ಹಿಡಿದು ನಡುವೆ ಏನೂ ತಾಗದಂತೆ ತೂಗುಬಿಟ್ಟು, ಅದರಲ್ಲಿ 1/3ರ ಮೆಟ್ಟಿಲನ್ನು ಕಂಡವು. ಅದಾದ ಮರುವರ್ಷ ಷಟ್ಕೋನ ಬೋರಾನ್ ನೈಟ್ರೈಡ್ ಎಂಬ, ಗ್ರಾಫೀನ್‌ನಂತೆಯೇ ಜಾಲವುಳ್ಳ ಆದರೆ ವಿದ್ಯುತ್ ಸಾಗಿಸದ ಸ್ಫಟಿಕದ ಮೇಲೆ ಗ್ರಾಫೀನನ್ನು ಇರಿಸುವ ವಿಧಾನ ರೂಪುಗೊಂಡಾಗ ಭಿನ್ನಾಂಕಗಳ ದೊಡ್ಡ ಕುಟುಂಬವೇ ಹೊರಬಂತು. ಜಗತ್ತಿನ ಬಹುತೇಕ ಪ್ರಯೋಗಾಲಯಗಳು, ಬೆಂಗಳೂರಿನವೂ ಸೇರಿ, ಬಳಸುವ ಈ ಸ್ಫಟಿಕಗಳು ಜಪಾನಿನ ತ್ಸುಕುಬಾದಲ್ಲಿ ಅತ್ಯಧಿಕ ಒತ್ತಡದಲ್ಲಿ ಬೆಳೆದಂಥವು. ಅವನ್ನು ಬೆಳೆಸುವ ಕೆಂಜಿ ವಾತಾನಬೆ ಮತ್ತು ತಕಾಶಿ ತಾನಿಗುಚಿ ಅವರ ಹೆಸರುಗಳು ಈ ಕ್ಷೇತ್ರದ ನೂರಾರು ಪ್ರಬಂಧಗಳಲ್ಲಿ ಸಹಲೇಖಕರಾಗಿ ಬರುತ್ತವೆ. ಒಳ್ಳೆಯ ವಸ್ತುವನ್ನು ಮಾಡಿಕೊಡುವವರ ದುಡಿಮೆಗೆ ವಿಜ್ಞಾನದಲ್ಲಿ ಇಷ್ಟು ಪ್ರಾಮಾಣಿಕ ಮನ್ನಣೆ ದೊರೆತ ಉದಾಹರಣೆಗಳು ವಿರಳ.

ಹಾಲ್ ರೋಧದ ಮೆಟ್ಟಿಲು ಭರ್ತಿ ಪ್ರಮಾಣ ಎಷ್ಟೆಂದು ಹೇಳುತ್ತದೆ, ಆದರೆ ಆ ಸ್ಥಿತಿಯ ಒಳರಚನೆ ಏನೆಂದು ಹೇಳುವುದಿಲ್ಲ. 2/3 ಎಂಬ ಸ್ಥಿತಿಯನ್ನು ತೆಗೆದುಕೊಳ್ಳಬಹುದು. ಅದನ್ನು ಪೂರ್ತಿ ತುಂಬಿದ ಮಟ್ಟದಿಂದ 1/3 ಭಾಗವನ್ನು ಕಳೆದ ಸ್ಥಿತಿಯೆಂದು ನೋಡಿದರೆ, ಅದರ ಅಂಚಿನಲ್ಲಿ ಒಂದೇ ದಿಕ್ಕಿಗೆ ಹರಿಯುವ ಒಂದು ಧಾರೆ ಇರದೆ ಎದುರುಬದುರಾಗಿ ಹರಿಯುವ ಎರಡು ಧಾರೆಗಳು ಇರಬೇಕಾಗುತ್ತದೆ. ಇವುಗಳಲ್ಲಿ ಮುಂದಕ್ಕೆ ಹರಿಯುವುದು ವಿದ್ಯುದಾವೇಶವನ್ನು ಹೊತ್ತಿರುತ್ತದೆ; ಎರಡರ ನಡುವೆ ಸಾಕಷ್ಟು ಬೆರಕೆ ನಡೆದಾಗ ಹಿಂದಕ್ಕೆ ಹರಿಯುವ ಧಾರೆಯಲ್ಲಿ ಆವೇಶವೇನೂ ಉಳಿಯುವುದಿಲ್ಲ, ಶಕ್ತಿ ಮಾತ್ರ ಉಳಿಯುತ್ತದೆ. ಆವೇಶವಿಲ್ಲದ ಈ ತಟಸ್ಥ ಧಾರೆ ವೋಲ್ಟೇಜ್ ಅಳೆಯುವ ಯಾವ ಉಪಕರಣಕ್ಕೂ ನೇರವಾಗಿ ಕಾಣುವುದಿಲ್ಲ. 2010ರಲ್ಲಿ ವೈಜ್‌ಮನ್ ಸಂಸ್ಥೆಯಲ್ಲಿ ಮೋತಿ ಹೈಬ್ಲಮ್ ಅವರ ಪ್ರಯೋಗಾಲಯವು ಗದ್ದಲದ ಅಳತೆಯಿಂದ ಇದರ ಇರುವಿಕೆಯನ್ನು ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಮೊದಲ ಬಾರಿಗೆ ತೋರಿಸಿತು. ಆ ಪ್ರಬಂಧದ ಮೊದಲ ಲೇಖಕರು ಅವೀಕ್ ಬಿದ್. ಅವರು ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಲ್ಲಿದ್ದಾರೆ. ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಅದೇ ವಿಭಾಗಕ್ಕೆ ಬಂದ ಇನ್ನೊಬ್ಬರು ಅನಿಂದ್ಯ ದಾಸ್. 2025ರ ಭೌತವಿಜ್ಞಾನದ ವುಲ್ಫ್ ಪ್ರಶಸ್ತಿಯನ್ನು ಜೈನ್, ಹೈಬ್ಲಮ್ ಮತ್ತು ಜೇಮ್ಸ್ ಐಸೆನ್‌ಸ್ಟೈನ್ ಹಂಚಿಕೊಂಡರು ಎಂಬುದನ್ನು ನೋಡಿದರೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಬೆಂಗಳೂರಿನ ಹಳಬರು ಕರೆಯುವ, 1933ರಲ್ಲಿ ಸಿ. ವಿ. ರಾಮನ್ ಭೌತವಿಜ್ಞಾನ ವಿಭಾಗವನ್ನು ಆರಂಭಿಸಿದ ಆ ಸಂಸ್ಥೆಗೆ ಈ ವಿದ್ಯೆ ಎಷ್ಟು ಹತ್ತಿರದ ಮೂಲದಿಂದ ಬಂದಿತೆಂಬುದು ತಿಳಿಯುತ್ತದೆ.

ಆವೇಶವಿಲ್ಲದ ಧಾರೆಯನ್ನು ಹಿಡಿಯಲು ಇರುವ ನಿಷ್ಪಕ್ಷಪಾತವಾದ ಉಪಾಯವೆಂದರೆ ಶಾಖವನ್ನು ಅಳೆಯುವುದು, ಏಕೆಂದರೆ ಆವೇಶವಿರಲಿ ಇಲ್ಲದಿರಲಿ ಪ್ರತಿಯೊಂದು ಧಾರೆಯೂ ಶಾಖವನ್ನು ಸಾಗಿಸುತ್ತದೆ. ಇಲ್ಲಿ ಪ್ರಕೃತಿಯ ಒಂದು ಅಚ್ಚರಿಯ ನಿಯಮವಿದೆ: ಧಾರೆಯೊಂದು ಹೊರುವ ವಿದ್ಯುದಾವೇಶ ಪೂರ್ತಿ ಇರಲಿ, ಮೂರನೆಯ ಒಂದಿರಲಿ, ಸೊನ್ನೆಯೇ ಇರಲಿ, ಅದು ಸಾಗಿಸಬಲ್ಲ ಶಾಖದ ಗರಿಷ್ಠ ಪ್ರಮಾಣ ಒಂದೇ. ಉಷ್ಣವಾಹಕತೆಯ ಕ್ವಾಂಟಮ್ ಎನ್ನಲಾಗುವ ಈ ಪ್ರಮಾಣವು ಪ್ಲಾಂಕ್ ಮತ್ತು ಬೋಲ್ಟ್ಸ್‌ಮನ್ ಸ್ಥಿರಾಂಕಗಳಿಂದ ಮತ್ತು ಉಷ್ಣತೆಯಿಂದ ಮಾತ್ರ ನಿರ್ಧಾರವಾಗುತ್ತದೆ; ಒಂದು ಕೆಲ್ವಿನ್‌ ಉಷ್ಣತೆಯಲ್ಲಿ ಅದರ ಬೆಲೆ, ಪ್ರತಿ ಕೆಲ್ವಿನ್ ವ್ಯತ್ಯಾಸಕ್ಕೆ, ಒಂದು ವ್ಯಾಟ್‌ನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ತುಸು ಕಡಿಮೆ. ಆದ್ದರಿಂದ ಭಿನ್ನಾಂಕ ಸ್ಥಿತಿಯೊಂದರ ಅಂಚಿನ ಉಷ್ಣವಾಹಕತೆಯನ್ನು ಈ ಕ್ವಾಂಟಮ್‌ನಿಂದ ಭಾಗಿಸುವುದೆಂದರೆ ಅಲ್ಲಿರುವ ಧಾರೆಗಳನ್ನು ಎಣಿಸಿದಂತೆ. ವಿದ್ಯುತ್ತಿನ ಅಳತೆ ಭಿನ್ನಾಂಕವನ್ನು ಕೊಟ್ಟರೆ ಶಾಖದ ಅಳತೆ ಎಣಿಕೆಯನ್ನು ಕೊಡುತ್ತದೆ, ಮತ್ತು ಸ್ಥಿತಿಯ ನಿಜವಾದ ಗುರುತು ಎರಡನೆಯದರಲ್ಲಿದೆ.

ಹೈಬ್ಲಮ್ ಅವರ ತಂಡ 2017ರಲ್ಲಿ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಈ ಅಳತೆಯನ್ನು ಸಾಧಿಸಿತ್ತು. ಆದರೆ ಆ ವಸ್ತುವಿನಲ್ಲಿ ಎಲೆಕ್ಟ್ರಾನ್‌ಗಳ ಪದರ ಮೇಲ್ಮೈಯಿಂದ ಆಳದಲ್ಲಿ ಹೂತಿರುತ್ತದೆ, ಅವುಗಳನ್ನು ಒದಗಿಸುವ ಬೆರಕೆ ಪರಮಾಣುಗಳು ಬೇರೆಯೇ ಪದರದಲ್ಲಿರುತ್ತವೆ, ಹೀಗಾಗಿ ಅಂಚು ಥಟ್ಟನೆ ಮುಗಿಯದೆ ಮೆಲ್ಲಗೆ ಇಳಿಯುತ್ತದೆ. ಆ ಇಳಿಜಾರಿನಲ್ಲಿ ಮೂಲ ಸ್ಥಿತಿಗೆ ಸಂಬಂಧಿಸದ ಹೆಚ್ಚುವರಿ ಧಾರೆಗಳು ಹುಟ್ಟಿಕೊಂಡು ಎಣಿಕೆಯನ್ನು ಗೊಂದಲಗೊಳಿಸಬಹುದು. ಗ್ರಾಫೀನ್‌ನ ಹಾಳೆಯಾದರೋ ಪರಮಾಣುವಿನ ಅಳತೆಯಲ್ಲೇ ಕಡಿದಂತೆ ಮುಗಿಯುತ್ತದೆ, ಮತ್ತು ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಹೆಚ್ಚು ಕಡಿಮೆ ಮಾಡುವ ಗ್ರಾಫೈಟ್ ಗೇಟನ್ನು ಅದಕ್ಕೆ ಅತಿ ಹತ್ತಿರದಲ್ಲಿ ಇಡಬಹುದು. ಅನಿಂದ್ಯ ದಾಸ್ ಅವರ ತಂಡದ ಆಯ್ಕೆಗೆ ಇದೇ ಕಾರಣ.

ಅವರ ಸಾಧನದಲ್ಲಿ ಬೋರಾನ್ ನೈಟ್ರೈಡ್‌ನ ಎರಡು ಪದರಗಳ ನಡುವೆ ಗ್ರಾಫೀನನ್ನು ಮುಚ್ಚಿಟ್ಟು, ಮಧ್ಯದಲ್ಲಿ ಹೊರಗಿನ ಯಾವ ತಂತಿಗೂ ಸೇರದ ಒಂದು ಚಿಕ್ಕ ಲೋಹದ ತುಂಡನ್ನು ಇರಿಸಲಾಗುತ್ತದೆ. ಇಡೀ ಸಾಧನವನ್ನು ಹೀಲಿಯಂನ ಎರಡು ಐಸೋಟೋಪುಗಳ ಮಿಶ್ರಣದಿಂದ ನಡೆಯುವ ಶೀತಕದಲ್ಲಿ ನಿರಪೇಕ್ಷ ಶೂನ್ಯಕ್ಕಿಂತ ಒಂದು ಕೆಲ್ವಿನ್‌ನ ಕೆಲವೇ ನೂರನೆಯ ಭಾಗಗಳಷ್ಟು ಮೇಲಿನ ಉಷ್ಣತೆಗೆ ಇಳಿಸಿ, ಅಂಚಿನ ಧಾರೆಯ ಮೂಲಕ ಲೋಹದ ತುಂಡಿಗೆ ವಿದ್ಯುತ್ ಹಾಯಿಸಿದಾಗ ಅದು ಸ್ವಲ್ಪ ಬಿಸಿಯಾಗುತ್ತದೆ. ಒಳಗೆ ಬಂದ ಶಾಖ ಎಷ್ಟೆಂಬುದು ಹಾಯಿಸಿದ ವಿದ್ಯುತ್ತಿನಿಂದ ಗೊತ್ತು. ಆ ಶಾಖ ಹೊರಹೋಗುವ ಮುಖ್ಯ ದಾರಿ ಅಂಚಿನ ಧಾರೆಗಳೇ. ಇಷ್ಟಾದ ಮೇಲೆ ಲೋಹದ ತುಂಡು ಎಷ್ಟು ಬಿಸಿಯಾಯಿತೆಂದು ತಿಳಿದರೆ ಲೆಕ್ಕ ಮುಗಿಯುತ್ತದೆ, ಆದರೆ ಅಷ್ಟು ಸಣ್ಣ ವಸ್ತುವಿಗೆ ಯಾವ ಉಷ್ಣಮಾಪಕವನ್ನು ತಾಗಿಸಿದರೂ ಅದರ ಉಷ್ಣತೆಯೇ ಬದಲಾಗಿಬಿಡುತ್ತದೆ. ಬಿಸಿಯಾದ ಲೋಹದಲ್ಲಿ ಎಲೆಕ್ಟ್ರಾನ್‌ಗಳ ಅಲ್ಲೋಲಕಲ್ಲೋಲದಿಂದ ಏಳುವ ವಿದ್ಯುತ್ ಗದ್ದಲ ಉಷ್ಣತೆಗೆ ಅನುಗುಣವಾಗಿ ಹೆಚ್ಚುತ್ತದೆ ಎಂಬ ಹಳೆಯ ನಿಯಮ ಇಲ್ಲಿ ನೆರವಿಗೆ ಬರುತ್ತದೆ: ಆ ಗದ್ದಲವನ್ನು ಶೀತಕದೊಳಗೇ ಇರುವ ವರ್ಧಕದಿಂದ ದೊಡ್ಡದು ಮಾಡಿ ಅಳೆದು, ಮುಟ್ಟದೆಯೇ ಉಷ್ಣತೆಯನ್ನು ತಿಳಿಯಲಾಗುತ್ತದೆ. ಇತರ ಪ್ರಯೋಗಗಳಲ್ಲಿ ನಿವಾರಿಸಬೇಕಾದ ತೊಂದರೆಯೆಂದು ಎಣಿಸುವ ಗದ್ದಲವೇ ಇಲ್ಲಿ ಅಳತೆಗೋಲಾಗಿದೆ.

ಸೌರಭ್ ಕುಮಾರ್ ಶ್ರೀವಾಸ್ತವ್ ಮೊದಲ ಲೇಖಕರಾಗಿ 2019ರಲ್ಲಿ ಈ ತಂಡ ಪ್ರಕಟಿಸಿದ ಫಲಿತಾಂಶದಲ್ಲಿ ಗ್ರಾಫೀನ್‌ನ 1, 2, 6 ಎಂಬ ಪೂರ್ಣಾಂಕ ಸ್ಥಿತಿಗಳ ಜೊತೆಗೆ 4/3 ಎಂಬ ಭಿನ್ನಾಂಕ ಸ್ಥಿತಿಯೂ ಇತ್ತು, ಮತ್ತು ಎಲ್ಲವೂ ಶೇಕಡಾ 5ರೊಳಗಿನ ನಿಖರತೆಯಲ್ಲಿ ಕ್ವಾಂಟಮ್ ನಿಯಮಕ್ಕೆ ಹೊಂದಿದವು. 4/3 ಮತ್ತು 2 ಎಂಬ ಸ್ಥಿತಿಗಳ ವಿದ್ಯುತ್ ವಾಹಕತೆ ಬೇರೆ ಬೇರೆ. ಉಷ್ಣವಾಹಕತೆ ಮಾತ್ರ ಎರಡಕ್ಕೂ ಎರಡು ಕ್ವಾಂಟಮ್. ಎರಡರ ಅಂಚಿನಲ್ಲೂ ಎರಡೆರಡು ಧಾರೆಗಳಿವೆ, 4/3ರಲ್ಲಿ ಅವುಗಳ ಪೈಕಿ ಒಂದು ಭಿನ್ನಾಂಕದ ಆವೇಶವನ್ನು ಹೊತ್ತಿದೆ ಎಂಬುದು ಇದರ ಅರ್ಥ.

ಎದುರುಬದುರು ಧಾರೆಗಳ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಪುಣೆ ಜಿಲ್ಲೆಯ ಬಾರಾಮತಿಯ ಕಬ್ಬಿನ ಸೀಮೆಗೆ ನೀರುಣಿಸುವ ನೀರಾ ಎಡದಂಡೆ ಕಾಲುವೆಯಿಂದ ಹೊಲಗಳಿಗೆ ಒಡೆದ ಸಣ್ಣ ಕಾಲುವೆಗಳಲ್ಲಿ ಎರಡು, ಒಂದೇ ಬದುವಿನ ಎರಡು ಮಗ್ಗುಲಲ್ಲಿ ವಿರುದ್ಧ ದಿಕ್ಕಿಗೆ ಹರಿಯುತ್ತಿವೆ ಎಂದು ಊಹಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಬದು ಗಟ್ಟಿಯಾಗಿದ್ದರೆ ಎರಡೂ ತಮ್ಮ ತಮ್ಮ ನೀರನ್ನು ಪೂರ್ತಿಯಾಗಿ ಸಾಗಿಸುತ್ತವೆ; ಬದು ಸೋರತೊಡಗಿದರೆ ಒಂದರಲ್ಲಿ ಮುಂದೆ ಹೋದ ನೀರು ಇನ್ನೊಂದಕ್ಕೆ ಜಿನುಗಿ ಹಿಂದಕ್ಕೇ ಬಂದುಬಿಡುತ್ತದೆ. ಅಂಚಿನ ಧಾರೆಗಳ ನಡುವೆ ಶಾಖದ ವಿನಿಮಯ ನಡೆಯದಿದ್ದರೆ ಬಿಸಿ ಲೋಹದಿಂದ ಹೊರಡುವ ಶಾಖ ಎರಡೂ ದಿಕ್ಕಿನ ಧಾರೆಗಳ ಮೊತ್ತಕ್ಕೆ ಸಮನಾಗುತ್ತದೆ, ವಿನಿಮಯ ಪೂರ್ಣವಾಗಿ ನಡೆದರೆ ಅವುಗಳ ವ್ಯತ್ಯಾಸಕ್ಕೆ ಸಮನಾಗುತ್ತದೆ. ಸ್ಥಿತಿಯ ಒಡಲಿನ ಗುಣದಿಂದ ನಿರ್ಧಾರವಾಗುವ, ಸಣ್ಣಪುಟ್ಟ ವಿವರಗಳಿಗೆ ಬಗ್ಗದ ಸಂಖ್ಯೆಯೆಂದು ಸಿದ್ಧಾಂತ ಹೇಳುವುದು ಈ ವ್ಯತ್ಯಾಸವನ್ನೇ.

ಎರಡು ಪದರದ ಗ್ರಾಫೀನ್‌ನಲ್ಲಿ 2/3ರ ಹತ್ತಿರದ ಬಂಧುಗಳಾದ 5/3 ಮತ್ತು 8/3 ಸ್ಥಿತಿಗಳನ್ನು ಅಳೆದಾಗ ಕಂಡದ್ದು ಮೊತ್ತವೇ ಹೊರತು ವ್ಯತ್ಯಾಸವಲ್ಲ: ಒಂದು ಮತ್ತು ಎರಡು ಕ್ವಾಂಟಮ್ ಬರಬೇಕಾದ ಕಡೆ ಮೂರು ಮತ್ತು ನಾಲ್ಕು ಬಂದವು. ಕಾರ್ಲ್ಸ್‌ರೂಹೆಯ ಅಲೆಕ್ಸಾಂಡರ್ ಮಿರ್ಲಿನ್, ವೈಜ್‌ಮನ್‌ನ ಯುವಲ್ ಗೆಫೆನ್ ಮುಂತಾದ ಸಿದ್ಧಾಂತಿಗಳೊಡನೆ 2021ರಲ್ಲಿ ಪ್ರಕಟವಾದ ಈ ಫಲಿತಾಂಶದ ತಿರುಳೆಂದರೆ, ಧಾರೆಗಳು ವಿದ್ಯುದಾವೇಶವನ್ನು ಸ್ವಲ್ಪ ದೂರದಲ್ಲೇ ಪರಸ್ಪರ ಹಂಚಿಕೊಂಡು ಸಮಸ್ಥಿತಿಗೆ ಬರುತ್ತವೆ, ಆದರೆ ಶಾಖವನ್ನು ಹಂಚಿಕೊಳ್ಳಲು ಬೇಕಾದ ದೂರ ಬಹಳ ದೊಡ್ಡದು, ಸಾಧನದ ಉದ್ದವನ್ನೇ ಮೀರಿದ್ದು. ಮರುವರ್ಷ ಒಂದೇ ಪದರದ ಗ್ರಾಫೀನ್‌ನಲ್ಲಿ ಇದೇ ತಂಡ ಇನ್ನೂ ನಿರ್ಣಾಯಕವಾದ ಪ್ರಯೋಗ ಮಾಡಿತು. ಸುಮಾರು 35 ಮಿಲಿಕೆಲ್ವಿನ್‌ವರೆಗಿನ ಉಷ್ಣತೆಯಲ್ಲಿ 2/3 ಸ್ಥಿತಿ ಎರಡು ಕ್ವಾಂಟಮ್‌ನಷ್ಟು, 3/5 ಸ್ಥಿತಿ ಮೂರು ಕ್ವಾಂಟಮ್‌ನಷ್ಟು ಶಾಖವನ್ನು ಸಾಗಿಸಿದವು. ಉಷ್ಣತೆಯನ್ನು ಏರಿಸಿದಂತೆ ಧಾರೆಗಳ ನಡುವಿನ ವಿನಿಮಯ ಹೆಚ್ಚಿ ಎರಡೂ ಇಳಿಯುತ್ತ ಹೋಗಿ ಕೊನೆಗೆ ವ್ಯತ್ಯಾಸದ ಬೆಲೆಗಳಿಗೆ, ಎಂದರೆ ಕ್ರಮವಾಗಿ ಸೊನ್ನೆಗೂ ಒಂದಕ್ಕೂ ತಲುಪಿದವು. ಎದುರು ಧಾರೆಗಳಿಲ್ಲದ 1/3 ಮತ್ತು 2/5 ಸ್ಥಿತಿಗಳು ಮಾತ್ರ ಒಂದು ಮತ್ತು ಎರಡು ಕ್ವಾಂಟಮ್‌ಗಳನ್ನು ಬಿಟ್ಟು ಕದಲಲಿಲ್ಲ. ಮೊತ್ತ ಮತ್ತು ವ್ಯತ್ಯಾಸ ಎರಡೂ ಗೊತ್ತಾದರೆ ಮುಂದಕ್ಕೆ ಎಷ್ಟು ಧಾರೆ, ಹಿಂದಕ್ಕೆ ಎಷ್ಟು ಧಾರೆ ಎಂಬುದು ಶಾಲೆಯ ಬೀಜಗಣಿತದಿಂದಲೇ ಸಿಗುತ್ತದೆ: 2/3ರಲ್ಲಿ ಒಂದೊಂದು, 3/5ರಲ್ಲಿ ಮುಂದಕ್ಕೆ ಒಂದು, ಹಿಂದಕ್ಕೆ ಎರಡು. ಸಂಯುಕ್ತ ಫರ್ಮಿಯಾನ್‌ಗಳ ಸಿದ್ಧಾಂತ ನಿರೀಕ್ಷಿಸುವುದೂ ಇದನ್ನೇ.

ಆವೇಶ ಮತ್ತು ಶಾಖ ಬೇರೆ ಬೇರೆ ಹಾದಿ ಹಿಡಿಯುವುದು ಗ್ರಾಫೀನ್‌ನಲ್ಲಿ ಈ ಒಂದು ಸಂದರ್ಭಕ್ಕೆ ಮಾತ್ರ ಸೀಮಿತವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅದೇ ಭೌತವಿಜ್ಞಾನ ವಿಭಾಗದ ಅರಿಂದಮ್ ಘೋಷ್ ಅವರ ತಂಡ, ಲೋಹಗಳಲ್ಲಿ ಇವೆರಡರ ವಾಹಕತೆಗಳನ್ನು ಜೋಡಿಸುವ ವೀಡೆಮನ್–ಫ್ರಾಂಜ್ ನಿಯಮವನ್ನು ಅತಿಶುದ್ಧ ಗ್ರಾಫೀನ್ 200 ಪಟ್ಟಿಗೂ ಹೆಚ್ಚು ಮೀರುವುದನ್ನು 2025ರಲ್ಲಿ ವರದಿ ಮಾಡಿತು. ಕಾಂತಕ್ಷೇತ್ರವೇ ಇಲ್ಲದೆ ಭಿನ್ನಾಂಕಗಳು ಹುಟ್ಟುವ ದಾರಿಯೂ ಈಗ ತೆರೆದಿದೆ: ಐದು ಪದರಗಳ ಗ್ರಾಫೀನನ್ನು ಬೋರಾನ್ ನೈಟ್ರೈಡ್‌ನ ಮೇಲೆ ನಿರ್ದಿಷ್ಟ ಹೊಂದಾಣಿಕೆಯಲ್ಲಿ ಇರಿಸಿದಾಗ 2/3, 3/5, 2/5 ಮುಂತಾದ ಮೆಟ್ಟಿಲುಗಳು ಹೊರಗಿನ ಕಾಂತವಿಲ್ಲದೆಯೇ ಮೂಡುವುದನ್ನು ಅಮೆರಿಕದ ಎಂಐಟಿಯ ತಂಡ 2024ರಲ್ಲಿ ತೋರಿಸಿತು.

ಶಾಖದ ಎಣಿಕೆಗೆ ಮುಂದೆ ಕಾದಿರುವ ಕೆಲಸ ಸಮಸಂಖ್ಯೆಯ ಛೇದವುಳ್ಳ ಭಿನ್ನಾಂಕಗಳದು. 5/2 ಎಂಬ ಸ್ಥಿತಿ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ 1987ರಿಂದ ಗೊತ್ತಿದೆ, ಎರಡು ಪದರದ ಗ್ರಾಫೀನ್‌ನಲ್ಲಿಯೂ ಇಂಥ ಸ್ಥಿತಿಗಳು ಸ್ಪಷ್ಟವಾಗಿ ಕಂಡಿವೆ. ಇವುಗಳ ವಿಕ್ಷೋಭೆಗಳು ಒಂದನ್ನೊಂದು ಸುತ್ತಿಬಂದ ಕ್ರಮವನ್ನು ನೆನಪಿಟ್ಟುಕೊಳ್ಳುವಂಥವು ಎಂದು ಸಿದ್ಧಾಂತ ಹೇಳುವುದರಿಂದ, ಸುಲಭವಾಗಿ ಕೆಡದ ಕ್ವಾಂಟಮ್ ಗಣಕದ ಕನಸು ಇವುಗಳ ಮೇಲೆ ನಿಂತಿದೆ. ಆದರೆ ಒಂದೇ ಭಿನ್ನಾಂಕಕ್ಕೆ ಹಲವು ರಚನೆಗಳು ಸಾಧ್ಯ, ಹಾಲ್ ರೋಧವು ಅವುಗಳಲ್ಲಿ ಯಾವುದೆಂದು ಹೇಳಲಾರದು. 5/2ಕ್ಕೆ ಮಂಡಿಸಲಾದ ಮೂರು ಮುಖ್ಯ ರಚನೆಗಳಾದ ಫಾಫಿಯನ್, ಪ್ರತಿ-ಫಾಫಿಯನ್ ಮತ್ತು ಇವೆರಡರ ನಡುವಿನ ಸಮಮಿತ ಫಾಫಿಯನ್‌ಗಳಲ್ಲಿ ಅರ್ಧ ಕ್ವಾಂಟಮ್ ಮಾತ್ರ ಸಾಗಿಸುವ ಮಯೊರಾನಾ ಎಂಬ ವಿಚಿತ್ರ ಧಾರೆಯಿರುತ್ತದೆ, ಮತ್ತು ಶಾಖದ ವಿನಿಮಯ ಪೂರ್ಣವಾದಾಗ ಇವುಗಳ ಬೆಲೆ ಕ್ರಮವಾಗಿ 3.5, 1.5 ಮತ್ತು 2.5. ಹೈಬ್ಲಮ್ ಅವರ ತಂಡಕ್ಕೆ 2018ರಲ್ಲಿ ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ದೊರೆತದ್ದು 2.5, ಗಣಕಗಳ ಲೆಕ್ಕಾಚಾರ ಉಳಿದೆರಡರ ಕಡೆಗೆ ವಾಲುತ್ತಿದ್ದುದರಿಂದ ಈ ಫಲಿತಾಂಶದ ಅರ್ಥದ ಬಗ್ಗೆ ದೀರ್ಘ ಚರ್ಚೆ ನಡೆಯಿತು. ವಿನಿಮಯವೇ ನಡೆಯದಿದ್ದರೆ ಅದೇ ಮೂರು ರಚನೆಗಳು 3.5, 4.5 ಮತ್ತು 3.5 ಎಂಬ ಬೆಲೆಗಳನ್ನು ಕೊಡುತ್ತವೆ, ಆಗ ಮೊದಲನೆಯದನ್ನೂ ಮೂರನೆಯದನ್ನೂ ಬೇರೆ ಮಾಡುವುದು ಅಸಾಧ್ಯ. ತಣ್ಣನೆಯ ಒಂದು ಉಷ್ಣತೆಯಲ್ಲಿ ಮಾತ್ರ ಅಳೆದು ನಿಲ್ಲಿಸದೆ, ಬೆಂಗಳೂರಿನ ತಂಡ 2/3 ಮತ್ತು 3/5ರಲ್ಲಿ ಮಾಡಿದಂತೆ ಎರಡೂ ಎಲ್ಲೆಗಳನ್ನು ಒಂದೇ ಸಾಧನದಲ್ಲಿ ದಾಟಿ ನೋಡುವುದು ಈ ಕಾರಣದಿಂದಲೇ ಅನಿವಾರ್ಯ, ಮತ್ತು ಸಮಸಂಖ್ಯೆಯ ಛೇದದ ಸ್ಥಿತಿಗಳನ್ನು ಎರಡು ಪದರದ ಗ್ರಾಫೀನ್ ಕೊಡಬಲ್ಲದಾದ್ದರಿಂದ ಆ ಅಳತೆಯನ್ನು ಅದರಲ್ಲಿಯೇ ಮಾಡಬಹುದು.